ಕೆಡವುವ ಮುನ್ನ ತೊಂಬತ್ತು ದಿನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಮೆರಿಕದ ಹಲವು ನಗರಗಳಲ್ಲಿ ಹಳೆಯ ಕಟ್ಟಡ ಕೆಡವಲು ಅರ್ಜಿ ಕೊಟ್ಟರೆ ಪರವಾನಗಿ ತಕ್ಷಣ ಕೈಗೆ ಬರುವುದಿಲ್ಲ. ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ನೋಡಲು ನಗರಾಡಳಿತ ಕೆಲವು ವಾರಗಳೋ ತಿಂಗಳುಗಳೋ ಅದನ್ನು ತಡೆಹಿಡಿಯುತ್ತದೆ. ಈ ನಿಯಮದ ಬಗ್ಗೆ ಅಲ್ಲಿ ನೆಲೆಸಿರುವ ಓದುಗರೂ ಕಟ್ಟಡ ಪರಂಪರೆಯಲ್ಲಿ ಆಸಕ್ತಿ ಇರುವ ಇತರರೂ ಕೇಳಿದ ಪ್ರಶ್ನೆಗಳಿಗೆ ನಮ್ಮ ವಾಸ್ತು ಸಂರಕ್ಷಣಾ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಶಿಕಾಗೋದಲ್ಲಿ ಎರಡು ಅಂತಸ್ತಿನ ಹಳೆಯ ಇಟ್ಟಿಗೆ ಮನೆಯೊಂದನ್ನು ಕೊಳ್ಳುವ ಮಾತುಕತೆ ನಡೆದಿದೆ. ಅದು 'ಕಿತ್ತಳೆ' ಪಟ್ಟಿಯಲ್ಲಿದೆ ಎಂದು ಮಧ್ಯವರ್ತಿ ಹೇಳಿದರು. ಕೊಂಡ ಮೇಲೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕಾಗುತ್ತದೆಯೇ?

ಬೇಡ. ಕಿತ್ತಳೆ ಎಂದರೆ ಸ್ಮಾರಕ ಎಂದಲ್ಲ. 1983ರಿಂದ 1995ರವರೆಗೆ ನಗರಾಡಳಿತ ಬೀದಿ ಬೀದಿ ಸುತ್ತಿ ಒಂದು ಸಮೀಕ್ಷೆ ನಡೆಸಿ 17,371 ಆಸ್ತಿಗಳನ್ನು ಗುರುತಿಸಿತು. ಮಹತ್ವಕ್ಕೆ ತಕ್ಕಂತೆ ಒಂದೊಂದಕ್ಕೂ ಒಂದು ಬಣ್ಣ ಕೊಟ್ಟರು. ನಗರಕ್ಕೋ ರಾಜ್ಯಕ್ಕೋ ದೇಶಕ್ಕೋ ಮುಖ್ಯವಾದದ್ದು ಕೆಂಪು, ಆ ಬಡಾವಣೆಯ ಮಟ್ಟಿಗೆ ಮುಖ್ಯವಾದದ್ದು ಕಿತ್ತಳೆ. ಅದರ ಕೆಳಗೆ ಹಳದಿ, ಹಸಿರು ಇತ್ಯಾದಿ ಇವೆ. ಆ ಪಟ್ಟಿ ಕೆಲ ವರ್ಷ ಬರೀ ಮಾಹಿತಿಯಾಗಿಯೇ ಉಳಿದಿತ್ತು. 1927ರ ಮರ್ಕೆಂಟೈಲ್ ಎಕ್ಸ್‌ಚೇಂಜ್ ಕಟ್ಟಡ ಕೆಡವಿದ ಗದ್ದಲದ ನಡುವೆ, 2003ರಲ್ಲಿ ಸಿಟಿ ಕೌನ್ಸಿಲ್ ಒಂದು ನಿಯಮ ತಂದಿತು: ಕೆಂಪು ಅಥವಾ ಕಿತ್ತಳೆ ಕಟ್ಟಡ ಕೆಡವಲು ಅರ್ಜಿ ಬಂದರೆ ಪರವಾನಗಿಯನ್ನು 90 ದಿನಗಳವರೆಗೆ ತಡೆಹಿಡಿಯಬಹುದು.

ನಿಮ್ಮ ಮನೆಯ ಒಳಗೋಡೆ ತೆಗೆಯುವುದು, ಅಡುಗೆಮನೆ ಬದಲಿಸುವುದು, ಕೊಳಾಯಿ, ವೈರಿಂಗ್ ಇವು ಯಾವುದಕ್ಕೂ ಈ ನಿಯಮ ಅಡ್ಡ ಬರುವುದಿಲ್ಲ. ಮುಖ್ಯ ಕಟ್ಟಡವನ್ನು ಪೂರ್ತಿಯಾಗಿ ಅಥವಾ ಬಹುಪಾಲು ಕೆಡವುವುದಾದರೆ ಮಾತ್ರ ತಡೆ. ಈ 'ಬಹುಪಾಲು' ಎಂಬುದರ ಮೇಲೆ ಕಣ್ಣಿರಲಿ. ಹಿಂಭಾಗಕ್ಕೆ ದೊಡ್ಡ ವಿಸ್ತರಣೆ ಸೇರಿಸುವ ನೆಪದಲ್ಲಿ ಮುಂಗೋಡೆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯುವ ನಕ್ಷೆ ಕೊಟ್ಟರೆ ಅದನ್ನು ನವೀಕರಣ ಎಂದು ಯಾರೂ ಒಪ್ಪುವುದಿಲ್ಲ. ಮಧ್ಯವರ್ತಿಯ ಮಾತಷ್ಟೇ ನಂಬಿ ಕೂರಬೇಡಿ. ನಗರದ ಆನ್‌ಲೈನ್ ಝೋನಿಂಗ್ (ಜಾಗದ ಬಳಕೆಯ) ನಕ್ಷೆಯಲ್ಲಿ ವಿಳಾಸ ಹಾಕಿ ಬಣ್ಣ ನೋಡಿ. ಜತೆಗೆ ಅದು ಲ್ಯಾಂಡ್‌ಮಾರ್ಕ್ ಜಿಲ್ಲೆಯೊಳಗೆ, ಅಂದರೆ ನಗರ ಒಟ್ಟಾಗಿ ಸ್ಮಾರಕವೆಂದು ಘೋಷಿಸಿದ ಪ್ರದೇಶದೊಳಗೆ, ಇದೆಯೇ ಎಂಬುದನ್ನೂ ನೋಡಿ. ಜಿಲ್ಲೆಯೊಳಗಿದ್ದರೆ ಕತೆಯೇ ಬೇರೆ, ಕಿಟಕಿ ಬದಲಿಸುವ ಅರ್ಜಿಯೂ ಸ್ಮಾರಕಗಳನ್ನು ನೋಡಿಕೊಳ್ಳುವ ನಗರದ ಲ್ಯಾಂಡ್‌ಮಾರ್ಕ್ಸ್ ಆಯೋಗದ ಮೇಜಿಗೆ ಹೋಗುತ್ತದೆ.

ಮನೆ ಕೆಡವಿ ಹೊಸದು ಕಟ್ಟುವ ಉದ್ದೇಶದಿಂದಲೇ ಕೊಳ್ಳುತ್ತಿದ್ದರೆ, ಕರಾರಿಗೆ ಸಹಿ ಹಾಕುವ ಮುನ್ನ ಆಯೋಗದ ಸಿಬ್ಬಂದಿಯ ಜತೆ ಮಾತಾಡಿ. ತೊಂಬತ್ತು ದಿನದ ಬ್ಯಾಂಕ್ ಬಡ್ಡಿ, ಆಸ್ತಿ ತೆರಿಗೆ, ವಿಮೆ ಇವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಬೆಲೆ ಹೊಂದುತ್ತದೆಯೇ ನೋಡಿಕೊಳ್ಳಿ.

ಪ್ರಶ್ನೆ: ರಾಷ್ಟ್ರೀಯ ರಿಜಿಸ್ಟರ್‌ನಲ್ಲಿ ಹೆಸರಿದ್ದರೆ ಕಟ್ಟಡ ಸುರಕ್ಷಿತ ಅಲ್ಲವೇ?

ಅಲ್ಲ. ನ್ಯಾಷನಲ್ ರಿಜಿಸ್ಟರ್ ಐತಿಹಾಸಿಕ ಸ್ಥಳಗಳ ಗೌರವದ ಪಟ್ಟಿ, ತೆರಿಗೆ ರಿಯಾಯಿತಿಗೆ ಬಾಗಿಲು. ಖಾಸಗಿ ಮಾಲೀಕ ತನ್ನ ಹಣದಲ್ಲಿ ಅದನ್ನು ಕೆಡವಲು ಹೊರಟರೆ ಫೆಡರಲ್ ಸರ್ಕಾರ ತಡೆಯುವುದಿಲ್ಲ. ತಡೆಯುವ ಅಧಿಕಾರ ಇರುವುದು ಸ್ಥಳೀಯ ಕಾನೂನಿಗೆ. ಫಲಕ ಇದೆ ಎಂದು ನೆಮ್ಮದಿಯಾಗಿದ್ದ ನೆರೆಹೊರೆಯವರು ಬುಲ್‌ಡೋಜರ್ ಬಂದ ದಿನ ಇದನ್ನು ತಿಳಿಯುತ್ತಾರೆ.

ಪ್ರಶ್ನೆ: ನಮ್ಮ ಬೀದಿಯ ಮೂಲೆಯಲ್ಲಿರುವ ಹಳೆಯ ವಾಣಿಜ್ಯ ಕಟ್ಟಡಕ್ಕೆ ಕೆಡವುವ ಅರ್ಜಿ ಬಿದ್ದಿದೆ, ಕಿತ್ತಳೆ ಬಣ್ಣದ್ದು. ನೆರೆಹೊರೆಯವರು ಸಹಿ ಸಂಗ್ರಹ ಶುರು ಮಾಡಿದ್ದೇವೆ. ತೊಂಬತ್ತು ದಿನದಲ್ಲಿ ಇನ್ನೇನು ಮಾಡಬೇಕು?

ಸಹಿ ಸಂಗ್ರಹ ಒಳ್ಳೆಯದೇ, ಆದರೆ ಅದನ್ನು ಒಬ್ಬಿಬ್ಬರಿಗೆ ವಹಿಸಿ ಉಳಿದವರು ಬೇರೆ ಕೆಲಸಕ್ಕೆ ಇಳಿಯಿರಿ. ಸಹಿಗಳಿಂದ ಕಟ್ಟಡ ಉಳಿದದ್ದು ಕಡಿಮೆ. ಕಾಗದಪತ್ರಗಳಿಂದ ಮತ್ತು ಮಾಲೀಕನಿಗೆ ಒಪ್ಪುವ ಲೆಕ್ಕಾಚಾರದಿಂದ ಉಳಿದದ್ದೇ ಹೆಚ್ಚು.

ಮೊದಲು ಗಡುವು ತಿಳಿದುಕೊಳ್ಳಿ. ತಡೆಯಲ್ಲಿರುವ ಅರ್ಜಿಗಳ ಪಟ್ಟಿಯನ್ನು ನಗರವೇ ಪ್ರಕಟಿಸುತ್ತದೆ, ಅದರಲ್ಲಿ ವಿಳಾಸವೂ ಅರ್ಜಿ ಬಂದ ದಿನವೂ ಇರುತ್ತದೆ. ಶಿಕಾಗೋದಲ್ಲಿ ದಿನ ಎಣಿಕೆ ಶುರುವಾಗುವುದು ಅರ್ಜಿ ಇಲಾಖೆಗೆ ತಲುಪಿದ ದಿನದಿಂದ, ನಿಮಗೆ ಸುದ್ದಿ ತಿಳಿದ ದಿನದಿಂದಲ್ಲ. ಸುದ್ದಿ ಕಿವಿಗೆ ಬೀಳುವಾಗ ಮೂರು ವಾರ ಆಗಲೇ ಹೋಗಿರಬಹುದು. ಇನ್ನೊಂದು ಸೂಕ್ಷ್ಮ: ಲ್ಯಾಂಡ್‌ಮಾರ್ಕ್ಸ್ ಆಯೋಗ ಸಭೆ ಸೇರುವುದು ತಿಂಗಳಿಗೊಮ್ಮೆ. ತೊಂಬತ್ತು ದಿನದಲ್ಲಿ ಹೆಚ್ಚೆಂದರೆ ಮೂರು ಸಭೆ ಸಿಗುತ್ತವೆ. ವರದಿ ತಯಾರಾಗಲು ಬೇಕಾದ ಸಮಯ ಕಳೆದರೆ ನಿಜವಾಗಿ ಉಪಯೋಗಕ್ಕೆ ಬರುವುದು ಒಂದೇ ಸಭೆ. ಹಾಗಾಗಿ ನಿಮ್ಮ ದಾಖಲೆಗಳು ಮೂವತ್ತನೆಯ ದಿನದೊಳಗೆ ಆಯೋಗದ ಸಿಬ್ಬಂದಿಯ ಕೈಯಲ್ಲಿರಲಿ. ಎಂಬತ್ತನೆಯ ದಿನ ಕೊಟ್ಟ ಅದ್ಭುತ ಸಂಶೋಧನೆಗಿಂತ ಇಪ್ಪತ್ತೈದನೆಯ ದಿನ ಕೊಟ್ಟ ನಾಲ್ಕು ಪುಟ ಮೇಲು.

ಗುರಿ ಏನೆಂಬುದೂ ಸ್ಪಷ್ಟವಿರಲಿ. ತಡೆಯ ಅವಧಿಯೊಳಗೆ ಪೂರ್ತಿ ಲ್ಯಾಂಡ್‌ಮಾರ್ಕ್ ಘೋಷಣೆ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆಯೋಗ 'ಪ್ರಾಥಮಿಕ ಶಿಫಾರಸು' ಮಾಡಿದರೆ ಸಾಕು. ಅಲ್ಲಿಂದ ಮುಂದೆ ಪರವಾನಗಿಗಳು ಆಯೋಗದ ಪರಿಶೀಲನೆಗೆ ಒಳಪಡುತ್ತವೆ, ಉಳಿದ ಪ್ರಕ್ರಿಯೆ ತನ್ನ ವೇಗದಲ್ಲಿ ಸಾಗುತ್ತದೆ. ಆ ಶಿಫಾರಸಿಗೆ ಏಳು ಮಾನದಂಡಗಳಿವೆ: ನಗರದ ಪರಂಪರೆಗೆ ನೀಡಿದ ಕೊಡುಗೆ, ಮಹತ್ವದ ಘಟನೆ, ಮಹತ್ವದ ವ್ಯಕ್ತಿ, ವಾಸ್ತುಶಿಲ್ಪದ ಗುಣ, ಮುಖ್ಯ ವಾಸ್ತುಶಿಲ್ಪಿಯ ಕೃತಿ ಇತ್ಯಾದಿ. ಇವುಗಳಲ್ಲಿ ಕನಿಷ್ಠ ಎರಡು ಸಲ್ಲಬೇಕು. ಅದರ ಮೇಲೆ ಕಟ್ಟಡ ತನ್ನ ಮೂಲ ರೂಪವನ್ನು ಸಾಕಷ್ಟು ಉಳಿಸಿಕೊಂಡಿರಬೇಕು. 'ಚೆಂದ ಇದೆ, ನಮಗೆಲ್ಲ ಇಷ್ಟ' ಎಂಬುದು ಏಳರಲ್ಲಿ ಇಲ್ಲ.

ಇನ್ನು ದಾಖಲೆ ಹುಡುಕುವುದು. ಮೂಲ ಕಟ್ಟಡ ಪರವಾನಗಿ ಸಿಕ್ಕರೆ ವರ್ಷ, ಮಾಲೀಕ, ಅಳತೆ, ಅನೇಕ ಸಲ ವಾಸ್ತುಶಿಲ್ಪಿಯ ಹೆಸರು ಒಂದೇ ಸಾಲಿನಲ್ಲಿ ಸಿಗುತ್ತದೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. 1909ರಲ್ಲಿ ಶಿಕಾಗೋದ ಮನೆ ಸಂಖ್ಯೆಗಳನ್ನೆಲ್ಲ ಬದಲಿಸಿದರು, ನಗರದ ನಡುಭಾಗವಾದ ಲೂಪ್‌ನಲ್ಲಿ 1911ರಲ್ಲಿ. 1895ರ ಕಟ್ಟಡವನ್ನು ಇಂದಿನ ಸಂಖ್ಯೆಯಲ್ಲಿ ಹುಡುಕಿದರೆ ಏನೂ ಸಿಗದು, ಅಥವಾ ಬೇರೆ ಯಾವುದೋ ಕಟ್ಟಡದ ದಾಖಲೆ ಸಿಕ್ಕಿ ವರದಿಯೇ ಹಾಳಾಗುತ್ತದೆ. ಹಳೆ ಸಂಖ್ಯೆಯಿಂದ ಹೊಸ ಸಂಖ್ಯೆಗೆ ಹೊಂದಿಸುವ ಮುದ್ರಿತ ಕೋಷ್ಟಕಗಳಿವೆ, ಮೊದಲು ಅವನ್ನು ನೋಡಿ.

ಎರಡನೆಯದು ಸ್ಯಾನ್‌ಬೋರ್ನ್ ಅಗ್ನಿವಿಮೆ ನಕ್ಷೆಗಳು. ವಿಮೆ ಕಂಪನಿಗಳಿಗಾಗಿ ತಯಾರಾದ ಈ ನಕ್ಷೆಗಳಲ್ಲಿ ಪ್ರತಿ ಕಟ್ಟಡದ ಹೊರರೇಖೆಗೂ ಬಣ್ಣವಿದೆ: ಗುಲಾಬಿ ಎಂದರೆ ಇಟ್ಟಿಗೆ, ಹಳದಿ ಎಂದರೆ ಮರ, ನೀಲಿ ಎಂದರೆ ಕಲ್ಲು. ಮೂಲೆಯ ಅಂಕಿ ಅಂತಸ್ತು ಹೇಳುತ್ತದೆ. ಅಂಗಡಿಯೋ ವಾಸದ ಮನೆಯೋ ಎಂಬುದಕ್ಕೆ ಒಂದಕ್ಷರದ ಗುರುತು ಇರುತ್ತದೆ. ಬೇರೆ ಬೇರೆ ವರ್ಷದ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಹಿಂಭಾಗದ ಸೇರ್ಪಡೆ ಯಾವಾಗ ಬಂತು, ಮೂಲ ಕಟ್ಟಡ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಮೂಲ ರೂಪ ಉಳಿದಿಲ್ಲ ಎಂದು ಮಾಲೀಕರ ವಕೀಲರು ವಾದಿಸಿದಾಗ ಕೆಲಸಕ್ಕೆ ಬರುವುದು ಈ ಎರಡು ಹಾಳೆಗಳೇ.

ವಾರ್ಡಿನ ಆಲ್ಡರ್‌ಮನ್ (ಸಿಟಿ ಕೌನ್ಸಿಲ್ ಸದಸ್ಯ) ಅವರನ್ನು ಮೊದಲ ವಾರದಲ್ಲೇ ಕಾಣಿ. ಕೊನೆಯ ಮತ ಸಿಟಿ ಕೌನ್ಸಿಲಿನದು. ತನ್ನ ವಾರ್ಡಿನ ವಿಷಯದಲ್ಲಿ ಆಲ್ಡರ್‌ಮನ್ ಒಲ್ಲೆ ಎಂದರೆ ಆಯೋಗದ ಒಂಬತ್ತು ಸದಸ್ಯರು ಒಟ್ಟಾಗಿ ಹೌದು ಎಂದರೂ ದಾರಿ ದುರ್ಗಮ. ಸೌಮ್ಯವಾಗಿ, ಎರಡು ಪುಟದ ಟಿಪ್ಪಣಿಯೊಂದಿಗೆ ಹೋಗಿ. ಘೋಷಣೆ ಕೂಗುವ ಗುಂಪಿನೊಂದಿಗೆ ಬೇಡ.

ಇಷ್ಟೆಲ್ಲ ಮಾಡಿದರೂ ಒಂದು ಸಂದರ್ಭದಲ್ಲಿ ಕೈಕಟ್ಟಿದಂತೆ. ಅದು ಚರ್ಚ್ ಅಥವಾ ಬೇರೆ ಪೂಜಾಸ್ಥಳವಾಗಿ ಬಳಕೆಯಲ್ಲಿದ್ದು ಧಾರ್ಮಿಕ ಸಂಸ್ಥೆಯ ಒಡೆತನದಲ್ಲಿದ್ದರೆ, ಒಡೆಯರ ಒಪ್ಪಿಗೆ ಇಲ್ಲದೆ ಶಿಕಾಗೋದಲ್ಲಿ ಲ್ಯಾಂಡ್‌ಮಾರ್ಕ್ ಮಾಡುವಂತಿಲ್ಲ. ಅಲ್ಲಿ ಮಾತುಕತೆ ಒಂದೇ ದಾರಿ.

ಪ್ರಶ್ನೆ: ಮಾಲೀಕರ ಜತೆ ಮಾತಾಡುವಾಗ ಹಣದ ವಿಷಯ ಬಂದರೆ ನಾವು ಏನು ಮುಂದಿಡಬಹುದು? (ಮೇಲಿನ ಓದುಗರದೇ ಎರಡನೆಯ ಪ್ರಶ್ನೆ)

ತೆರಿಗೆಯ ಲೆಕ್ಕ. ಇದನ್ನು ಮಾಲೀಕರ ಲೆಕ್ಕಿಗರೇ ಅನೇಕ ಸಲ ನೋಡಿರುವುದಿಲ್ಲ.

ಆದಾಯ ತರುವ ಐತಿಹಾಸಿಕ ಕಟ್ಟಡದ ಮಾನ್ಯತೆ ಪಡೆದ ನವೀಕರಣಕ್ಕೆ ಫೆಡರಲ್ ತೆರಿಗೆಯಲ್ಲಿ ವೆಚ್ಚದ 20 ಶೇಕಡಾ ಕಡಿತ ಇದೆ. ಆದಾಯದಿಂದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಡಿತ. ಹತ್ತು ಲಕ್ಷ ಡಾಲರ್ ಅರ್ಹ ವೆಚ್ಚವಾದರೆ ಎರಡು ಲಕ್ಷ, ಅದು ಐದು ವರ್ಷಗಳಲ್ಲಿ ವರ್ಷಕ್ಕೆ 40,000ದಂತೆ ಬರುತ್ತದೆ. ಷರತ್ತು: ವೆಚ್ಚ ಸಾಮಾನ್ಯವಾಗಿ 24 ತಿಂಗಳ ಅವಧಿಯೊಂದರಲ್ಲಿ ಕಟ್ಟಡದ ಹೊಂದಾಣಿಕೆಯ ಮೂಲಬೆಲೆಯನ್ನು ಅಥವಾ 5,000 ಡಾಲರನ್ನು, ಯಾವುದು ಹೆಚ್ಚೋ ಅದನ್ನು, ಮೀರಬೇಕು. ಉದಾಹರಣೆಗೆ ಆಸ್ತಿ ಕೊಂಡದ್ದು 6,00,000ಕ್ಕೆ, ಅದರಲ್ಲಿ ಜಮೀನಿನ ಪಾಲು 3,50,000 ಎಂದಾದರೆ ಕಟ್ಟಡದ ಪಾಲು 2,50,000. ಸವಕಳಿ ಇನ್ನೂ ಕಳೆದಿಲ್ಲವಾದರೆ ನವೀಕರಣ ಅದಕ್ಕಿಂತ ಹೆಚ್ಚಿರಬೇಕು. ಹಲವು ವರ್ಷ ಸವಕಳಿ ಕಳೆದ ಹಳೆಯ ಮಾಲೀಕನಿಗೆ ಈ ಮಿತಿ ತುಂಬಾ ಕೆಳಗಿರುತ್ತದೆ, ಹೊಸ ಕೊಳ್ಳುಗನಿಗಿಂತ ಅವನಿಗೇ ಅನುಕೂಲ. ಕಟ್ಟಡ ನ್ಯಾಷನಲ್ ರಿಜಿಸ್ಟರ್‌ನಲ್ಲಿ ಇರಬೇಕು ಅಥವಾ ಅಲ್ಲಿ ದಾಖಲಾದ ಜಿಲ್ಲೆಯ ಮಹತ್ವದ ಭಾಗವಾಗಿರಬೇಕು. ಕಿತ್ತಳೆ ಬಣ್ಣ ಇದಕ್ಕೆ ಸಾಲದು. ಅರ್ಜಿಗೆ ಮೂರು ಭಾಗ: ಕಟ್ಟಡದ ಮಹತ್ವ, ಕೆಲಸದ ವಿವರ, ಮುಗಿದ ಕೆಲಸದ ಪರಿಶೀಲನೆ. ಎರಡನೆಯ ಭಾಗಕ್ಕೆ ಒಪ್ಪಿಗೆ ಬರುವ ಮುನ್ನ ಮೂಲ ಕಿಟಕಿಗಳನ್ನು ಕಿತ್ತು ವಿನೈಲ್ ಕಿಟಕಿ ಕೂರಿಸಿದವರು ಕಡಿತ ಕಳೆದುಕೊಳ್ಳುವ ಅಪಾಯದಲ್ಲಿರುತ್ತಾರೆ.

ಸ್ಥಳೀಯ ಲ್ಯಾಂಡ್‌ಮಾರ್ಕ್ ಆದ ವಾಣಿಜ್ಯ ಕಟ್ಟಡಕ್ಕೆ ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ 'ಕ್ಲಾಸ್ ಎಲ್' ಎಂಬ ಆಸ್ತಿ ತೆರಿಗೆ ರಿಯಾಯಿತಿ ಇದೆ. ಕಟ್ಟಡದ ಬೆಲೆಯ ಅರ್ಧದಷ್ಟಾದರೂ ಅದರ ಮೇಲೆ ಖರ್ಚು ಮಾಡಿದರೆ ತೆರಿಗೆ ನಿರ್ಧಾರದ ಮಟ್ಟ (ಬೆಲೆಯ ಎಷ್ಟು ಪಾಲಿಗೆ ತೆರಿಗೆ ಎಂಬುದು) ಹತ್ತು ವರ್ಷ 10 ಶೇಕಡಾಕ್ಕೆ ಇಳಿಯುತ್ತದೆ. ಹನ್ನೊಂದನೆಯ ವರ್ಷ 15, ಹನ್ನೆರಡನೆಯ ವರ್ಷ 20. ಸ್ವಂತ ವಾಸದ ಐತಿಹಾಸಿಕ ಮನೆಯಾದರೆ ಇಲಿನಾಯ್ ರಾಜ್ಯದ ಬೇರೊಂದು ಯೋಜನೆ ಇದೆ. ಮನೆಯ ಮಾರುಕಟ್ಟೆ ಬೆಲೆಯ ಕಾಲು ಭಾಗ ನವೀಕರಣಕ್ಕೆ ಹಾಕಿದರೆ ಎಂಟು ವರ್ಷ ತೆರಿಗೆ ಮೌಲ್ಯ ಏರುವುದಿಲ್ಲ, ನಂತರದ ನಾಲ್ಕು ವರ್ಷಗಳಲ್ಲಿ ಮೆಟ್ಟಿಲಾಗಿ ಏರುತ್ತದೆ.

ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ, ಕೆಡವಿ ಕಟ್ಟುವ ವೆಚ್ಚದ ಪಕ್ಕದಲ್ಲಿ ಬರೆದು ಕೊಡಿ. ಕೆಡವುವ ಪಕ್ಕದಲ್ಲಿ ಆಸ್ಬೆಸ್ಟಾಸ್ ತೆಗೆಸುವುದು, ಅವಶೇಷ ಸಾಗಿಸುವುದು, ಖಾಲಿ ನಿವೇಶನದ ತೆರಿಗೆ, ಬಾಡಿಗೆ ಇಲ್ಲದ ತಿಂಗಳುಗಳು ಎಲ್ಲವೂ ಇರಲಿ. ಡೆವಲಪರ್‌ಗಳ ಹೋಲಿಕೆ ಪಟ್ಟಿಯಲ್ಲಿ ಇವು ಏಕೋ ಮರೆತುಹೋಗಿರುತ್ತವೆ.

ಪ್ರಶ್ನೆ: 'ಕಟ್ಟಡ ಶಿಥಿಲವಾಗಿದೆ, ಉಳಿಸಲಾಗದು' ಎಂದು ಮಾಲೀಕರು ಎಂಜಿನಿಯರ್ ವರದಿ ಕೊಟ್ಟಿದ್ದಾರೆ. ಇಂಥ ವರದಿಯನ್ನು ನಮ್ಮಂಥವರು ಹೇಗೆ ಓದಬೇಕು?

ಮೊದಲು ವರದಿಯ ಕೊನೆಯ ಸಾಲು ಬಿಟ್ಟು ಮಧ್ಯದ ಪುಟಗಳನ್ನು ಓದಿ. ಎಂಜಿನಿಯರ್ ಏನನ್ನಾದರೂ ಬಿಚ್ಚಿ ನೋಡಿದ್ದಾರೆಯೇ, ಅಥವಾ ಕಾಲುದಾರಿಯಲ್ಲಿ ನಿಂತು ಫೋಟೋ ತೆಗೆದಿದ್ದಾರೆಯೇ? ಪ್ರತಿ ಚಿತ್ರ ಎಲ್ಲಿಯದು ಎಂದು ನಕ್ಷೆಯಲ್ಲಿ ಗುರುತಿದೆಯೇ? ಹೊರೆಯ ಲೆಕ್ಕ ಇದೆಯೇ? ಒಂದು ಮೂಲೆಯ ದೋಷವನ್ನು ಇಡೀ ಕಟ್ಟಡದ ದೋಷವೆಂದು ಬರೆದಿದ್ದಾರೆಯೇ? ಅರ್ಧಕ್ಕರ್ಧ ವರದಿಗಳು ಈ ಕೊನೆಯ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಇಟ್ಟಿಗೆ ಕಟ್ಟಡದಲ್ಲಿ ಹೊರಗೆ ಕಾಣುವ ಭಯಂಕರ ದೃಶ್ಯಗಳಲ್ಲಿ ಬಹುಪಾಲು ನೀರಿನ ಕೆಲಸ. ಚಾವಣಿಯ ಮೇಲಿನ ಪ್ಯಾರಾಪೆಟ್ ಎರಡೂ ಕಡೆ ಮಳೆ, ಹಿಮಕ್ಕೆ ತೆರೆದಿರುತ್ತದೆ, ಅದಕ್ಕೇ ಮೊದಲು ವಾಲುವುದು ಅದೇ. ಅದನ್ನು ಬಿಚ್ಚಿ ಅದೇ ಇಟ್ಟಿಗೆಯಲ್ಲಿ ಮತ್ತೆ ಕಟ್ಟಬಹುದು. ಕಿಟಕಿಯ ಮೂಲೆಯಿಂದ ಮೆಟ್ಟಿಲಾಕಾರದಲ್ಲಿ ಹೊರಟ ಬಿರುಕು ಕಂಡರೆ ಮೇಲಿನ ಉಕ್ಕಿನ ಲಿಂಟೆಲ್ ನೋಡಿ. ತುಕ್ಕು ಹಿಡಿದ ಉಕ್ಕು ಹಲವು ಪಟ್ಟು ಉಬ್ಬಿ ಮೇಲಿನ ಸಾಲನ್ನು ಎತ್ತಿಹಾಕುತ್ತದೆ. ಲಿಂಟೆಲ್ ಬದಲಿಸಿದರೆ ಬಿರುಕಿನ ಕಾರಣವೇ ಹೋಗುತ್ತದೆ. ಟೆರಾಕೋಟಾ ತುಣುಕುಗಳು ಬೀಳುತ್ತಿದ್ದರೂ ಬಹುತೇಕ ಇದೇ ಕಾರಣ, ಒಳಗಿನ ಉಕ್ಕಿನ ಕೊಂಡಿಗಳ ತುಕ್ಕು. ಅದು ಮಾತ್ರ ದುಬಾರಿ ರಿಪೇರಿ, ಒಪ್ಪಿಕೊಳ್ಳಬೇಕು.

ನಿಜಕ್ಕೂ ಗಂಭೀರವಾದದ್ದು ಗೋಡೆಯ ಉಬ್ಬು. ಹಳೆಯ ಗೋಡೆ ಒಂದೇ ಪದರವಲ್ಲ. 12 ಇಂಚಿನ ಗೋಡೆಯಲ್ಲಿ ಇಟ್ಟಿಗೆಯ ಮೂರು ಪದರಗಳಿರುತ್ತವೆ. ಕೆಲವು ವರಸೆಗಳಿಗೊಮ್ಮೆ ಅಡ್ಡಲಾಗಿ ಇಟ್ಟ ಇಟ್ಟಿಗೆಗಳು ಆ ಪದರಗಳನ್ನು ಹೆಣೆಯುತ್ತವೆ. ಆ ಅಡ್ಡ ಇಟ್ಟಿಗೆಗಳು ತುಂಡಾದರೆ ಹೊರಪದರ ಪ್ರತ್ಯೇಕವಾಗಿ ಹೊಟ್ಟೆ ಬಿಡುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಪದರ ಬಿಟ್ಟ ಕಡೆ ಟೊಳ್ಳು ಸದ್ದು ಬರುತ್ತದೆ. ವರದಿಯಲ್ಲಿ ಆ ಟೊಳ್ಳಿನ ವಿಸ್ತೀರ್ಣ ಚದರಡಿಯಲ್ಲಿ ಬರೆದಿರಬೇಕು. 40 ಚದರಡಿಯಾದರೆ ಉಕ್ಕಿನ ಕೊಂಡಿಗಳಿಂದ ಹೊಲಿಯಬಹುದು ಅಥವಾ ಅಷ್ಟು ಭಾಗ ಬಿಚ್ಚಿ ಕಟ್ಟಬಹುದು. ಇಡೀ ಪಕ್ಕದ ಗೋಡೆಯೇ ಟೊಳ್ಳಾಗಿದ್ದರೆ ಮಾಲೀಕರ ಮಾತಿನಲ್ಲಿ ಹುರುಳಿದೆ.

ಒಳಗೆ ಮರದ ತೊಲೆಗಳ ತುದಿ ನೋಡಬೇಕು. ಗೋಡೆಯೊಳಗೆ ಹುದುಗಿರುವ ತುದಿಯೇ ಮೊದಲು ಕೊಳೆಯುವುದು. ಚೂಪು ಮೊಳೆಗೆ ಸಮನಾದ ಸಾಧನವನ್ನು ಚುಚ್ಚಿದಾಗ ಬೆಣ್ಣೆಯಂತೆ ಇಳಿದರೆ ಆ ತೊಲೆಯ ಪಕ್ಕಕ್ಕೆ ಹೊಸ ತೊಲೆ ಜೋಡಿಸಬೇಕು. ಹಳೆಯ ತೊಲೆಗಳ ತುದಿಯನ್ನು ಓರೆಯಾಗಿ ಕತ್ತರಿಸಿರುವುದು ಕಂಡರೆ ಅದನ್ನು ದೋಷವೆಂದು ಬರೆಯಬಾರದು. ಬೆಂಕಿ ಬಿದ್ದು ತೊಲೆ ಕುಸಿದಾಗ ಗೋಡೆಯನ್ನು ಮೀಟಿ ಕೆಡವದಿರಲಿ ಎಂದು ಬೇಕೆಂದೇ ಹಾಗೆ ಕತ್ತರಿಸುತ್ತಿದ್ದರು.

ಗಾರೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ಒಳ್ಳೆಯ ಉದ್ದೇಶದ ರಿಪೇರಿಯೇ ಎಷ್ಟೋ ಕಟ್ಟಡಗಳನ್ನು ಕೆಡಿಸಿದೆ. ಮೆತ್ತನೆಯ ಹಳೆ ಇಟ್ಟಿಗೆಗೆ ಸುಣ್ಣದ ಗಾರೆಯೇ ಬೇಕು. ಗಟ್ಟಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬಿದರೆ ತೇವ ಸಂದಿನಿಂದ ಹೊರಹೋಗಲಾರದೆ ಇಟ್ಟಿಗೆಯಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಹಪ್ಪಳೆಯೇಳುತ್ತದೆ. ಸಂದುಗಳನ್ನು ಹೊಸದಾಗಿ ತುಂಬುವಾಗ ಹಳೆ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆದು ತೆಗೆಯಬೇಕು. ಮೇಲೆ ಮೇಲೆ ಬಳಿದದ್ದು ಬೇಗನೆ ಉದುರಿಹೋಗುತ್ತದೆ. ವರದಿಯಲ್ಲಿ 'ಇಟ್ಟಿಗೆಗಳೇ ಪುಡಿಯಾಗುತ್ತಿವೆ' ಎಂದಿದ್ದರೆ, ಸುತ್ತ ಬೂದು ಬಣ್ಣದ ಗಟ್ಟಿ ಗಾರೆ ಇದೆಯೇ ನೋಡಿ.

ಸಾಧ್ಯವಾದರೆ ಹಳೆ ಕಟ್ಟಡಗಳಲ್ಲಿ ಪಳಗಿದ ಇನ್ನೊಬ್ಬ ಎಂಜಿನಿಯರ್ ಅವರಿಂದ ಎರಡನೆಯ ವರದಿ ಪಡೆಯಿರಿ. ಒಳಗೆ ಬಿಡಲು ಮಾಲೀಕರು ಒಪ್ಪದಿದ್ದರೆ ಆಯೋಗದ ಮುಂದೆ ಅದನ್ನೇ ದಾಖಲಿಸಿ. ಒಂದು ಎಚ್ಚರ: ಕಟ್ಟಡ ಜನರ ಜೀವಕ್ಕೆ ಅಪಾಯ ಎಂದು ಕಟ್ಟಡ ಅಥವಾ ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥರೇ ಆದೇಶಿಸಿದರೆ ತಡೆ ಅನ್ವಯಿಸುವುದಿಲ್ಲ. ವರದಿಯ ಭಾಷೆ ಆ ದಿಕ್ಕಿಗೆ ವಾಲುತ್ತಿದೆ ಅನಿಸಿದರೆ ತಡಮಾಡಬೇಡಿ.

ಪ್ರಶ್ನೆ: ಬಾಸ್ಟನ್ ಹತ್ತಿರದ ಪಟ್ಟಣದಲ್ಲಿದ್ದೇವೆ. ಇಲ್ಲಿಯೂ ಶಿಕಾಗೋದ್ದೇ ನಿಯಮವೇ?

ಹೆಸರು ಒಂದೇ, ಯಂತ್ರ ಬೇರೆ. ಶಿಕಾಗೋದಲ್ಲಿ ಪಟ್ಟಿಯಲ್ಲಿದ್ದರೆ ಮಾತ್ರ ತಡೆ. ಮ್ಯಾಸಚೂಸೆಟ್ಸ್‌ನಲ್ಲಿ ಸಾಮಾನ್ಯವಾಗಿ ವಯಸ್ಸು ನೋಡುತ್ತಾರೆ. ಕೇಂಬ್ರಿಜ್ 1979ರಲ್ಲೇ ಇಂಥ ನಿಯಮ ಮಾಡಿತು, 50 ವರ್ಷ ದಾಟಿದ ಕಟ್ಟಡಗಳು ಅದರ ವ್ಯಾಪ್ತಿಗೆ ಬರುತ್ತವೆ. ಬಾಸ್ಟನ್‌ನಲ್ಲಿ ಝೋನಿಂಗ್ ಸಂಹಿತೆಯ 85ನೆಯ ವಿಧಿ. ಸಿಬ್ಬಂದಿ ಮೊದಲು ಕಟ್ಟಡ ಮಹತ್ವದ್ದೇ ಎಂದು ನೋಡುತ್ತಾರೆ, ಹೌದಾದರೆ ಸಾರ್ವಜನಿಕ ವಿಚಾರಣೆ, ಅಲ್ಲಿ 'ಉಳಿಸಿಕೊಳ್ಳುವುದೇ ಲೇಸು' ಎಂಬ ತೀರ್ಮಾನ ಬಂದರೆ 90 ದಿನ. ಅಂದರೆ ಇಲ್ಲಿಯ ತೊಂಬತ್ತು ಶುರುವಾಗುವ ಮೊದಲೇ ಕೆಲವು ವಾರಗಳು ಸಿಕ್ಕಿರುತ್ತವೆ. ನ್ಯೂಟನ್‌ನಂಥ ಕಡೆ ತಡೆ 12 ತಿಂಗಳು, ನ್ಯಾಷನಲ್ ರಿಜಿಸ್ಟರ್ ಕಟ್ಟಡವಾದರೆ 18. ನಿಮ್ಮ ಪಟ್ಟಣದ ಉಪವಿಧಿಯಲ್ಲಿ ಮೂರು ಸಾಲು ಮುಖ್ಯ: ವಯಸ್ಸಿನ ಮಿತಿ, ದಿನ ಎಣಿಕೆ ಶುರುವಾಗುವ ಘಟ್ಟ, 'ಕೆಡವುವಿಕೆ'ಯ ವ್ಯಾಖ್ಯೆ. ಕೆಲವೆಡೆ ಚಾವಣಿ ತೆಗೆದರೂ ಕೆಡವಿದಂತೆಯೇ.

ಪ್ರಶ್ನೆ: ಮಾಲೀಕ ಸುಮ್ಮನೆ ಕಾದು, ಅವಧಿ ಮುಗಿದ ಮರುದಿನ ಕೆಡವಿದರೆ? ಇದು ಹಲ್ಲಿಲ್ಲದ ಕಾನೂನು ಅಲ್ಲವೇ?

ಒಂದು ಮಟ್ಟಿಗೆ ಹೌದು. ಗಡುವು ಮುಗಿದು ಬೇರೇನೂ ಆಗದಿದ್ದರೆ ಪರವಾನಗಿ ಕೊಡಲೇಬೇಕು. 90 ದಿನ ದೊಡ್ಡ ಡೆವಲಪರ್‌ಗೆ ಏನೂ ಅಲ್ಲ, ಯೋಜನೆಯ ವೇಳಾಪಟ್ಟಿಯಲ್ಲೇ ಅದನ್ನು ಸೇರಿಸಿರುತ್ತಾನೆ. ಒಂದು ವರ್ಷದ ತಡೆಯಾದರೆ ಬಡ್ಡಿ ಕಚ್ಚುತ್ತದೆ, ಮಾತುಕತೆಗೆ ಬರುತ್ತಾನೆ. ಅವಧಿ ಉದ್ದವಿರುವ ಊರುಗಳಲ್ಲಿ ಫಲ ಹೆಚ್ಚು ಎಂಬುದು ನಮ್ಮ ನಿಲುವು. ಮಾಲೀಕರು ಮತ್ತು ಇಲಾಖೆ ಪರಸ್ಪರ ಒಪ್ಪಿದರೆ ಶಿಕಾಗೋದಲ್ಲೂ ಅವಧಿ ವಿಸ್ತರಿಸಬಹುದು. ಕೊಳ್ಳುಗರೊಬ್ಬರು ಮುಂದೆ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಆದರೆ ಸಣ್ಣ ಅವಧಿಯನ್ನೂ ಹಗುರಾಗಿ ಕಾಣಬೇಡಿ. ಬಾಸ್ಟನ್‌ನ ಓಲ್ಡ್ ಸೌತ್ ಮೀಟಿಂಗ್ ಹೌಸ್, ಚಹಾ ಬಂಡಾಯಕ್ಕೆ ಮುನ್ನ ಜನ ಸೇರಿದ ಕಟ್ಟಡ, 1876ರಲ್ಲಿ ಬರೀ ಸಾಮಗ್ರಿಯ ಬೆಲೆಗೆ 1,350 ಡಾಲರಿಗೆ ಹರಾಜಾಗಿ ಕೆಡವುವ ಕೆಲಸವೂ ಶುರುವಾಗಿತ್ತು. ಆಗ ಬಟ್ಟೆ ವ್ಯಾಪಾರದ ಸಂಸ್ಥೆಯೊಂದು ಕಟ್ಟಡವನ್ನು ಏಳು ದಿನ ಮುಟ್ಟದಂತೆ ಇಟ್ಟುಕೊಳ್ಳುವ ಹಕ್ಕನ್ನು ಹಣ ಕೊಟ್ಟು ಕೊಂಡುಕೊಂಡಿತು. ಆ ಬಿಡುವಿನಲ್ಲಿ ನಗರದ ಜನ, ಅದರಲ್ಲೂ ಮಹಿಳೆಯರು, ಸಂಘಟಿತರಾದರು. ಮೇರಿ ಹೆಮೆನ್‌ವೇ ಒಬ್ಬರೇ ಒಂದು ಲಕ್ಷ ಡಾಲರ್ ಕೊಟ್ಟರು. ಕಟ್ಟಡ ಇಂದಿಗೂ ನಿಂತಿದೆ.

ಅವಧಿ ಮುಗಿಯುವವರೆಗೆ ಕಾಯದೆ, ಕದ್ದು ಕೆಡವಿದವರ ವಿಷಯ ಬೇರೆ. ಮ್ಯಾಸಚೂಸೆಟ್ಸ್‌ನ ಹಲವು ಪಟ್ಟಣಗಳಲ್ಲಿ ನಗದು ದಂಡ ಚಿಲ್ಲರೆಯಷ್ಟೇ. ನಿಜವಾದ ಶಿಕ್ಷೆ ಎಂದರೆ ಆ ನಿವೇಶನದಲ್ಲಿ ಎರಡು ವರ್ಷ ಹೊಸ ಕಟ್ಟಡಕ್ಕೆ ಪರವಾನಗಿ ಸಿಗದು.

ಪ್ರಶ್ನೆ: ಆಸ್ತಿಯ ಹಕ್ಕಿಗೆ ಇದು ವಿರುದ್ಧ ಎಂದು ಕೋರ್ಟಿಗೆ ಹೋಗಬಹುದೇ?

ಹೋಗಬಹುದು, ದಾರಿ ಕಡಿದು. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ಸ್ಟೇಷನ್ನನ್ನು 1963ರಲ್ಲಿ ಕೆಡವಲು ಶುರು ಮಾಡಿದರು. ಆ ಆಕ್ರೋಶದ ಬೆನ್ನಿಗೇ 1965ರಲ್ಲಿ ನಗರದ ಲ್ಯಾಂಡ್‌ಮಾರ್ಕ್ಸ್ ಕಾನೂನು ಬಂತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡದ ನಗರದ ವಿರುದ್ಧ ಪೆನ್ ಸೆಂಟ್ರಲ್ ಕಂಪನಿ ಹೂಡಿದ ದಾವೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ನಗರದ ಪರ ತೀರ್ಪು ಕೊಟ್ಟಿತು. ಶಾಶ್ವತ ನಿರ್ಬಂಧವೇ ಅಲ್ಲಿ ನಿಂತಿತು, ಮೂರು ತಿಂಗಳ ತಡೆಯ ಮೇಲೆ ಗೆಲ್ಲುವುದು ಕಷ್ಟ.

ಪ್ರಶ್ನೆ: 1960, 70ರ ದಶಕದ ಕಾಂಕ್ರೀಟ್ ಕಟ್ಟಡಗಳಿಗೂ ತಡೆ ಸಿಗುತ್ತದೆಯೇ?

ಶಿಕಾಗೋದಲ್ಲಿ ಸಾಮಾನ್ಯವಾಗಿ ಇಲ್ಲ, ಅದೇ ಅಲ್ಲಿನ ಪಟ್ಟಿಯ ದೊಡ್ಡ ಕುರುಡು ಚುಕ್ಕೆ. ಸಮೀಕ್ಷೆ 1940ಕ್ಕಿಂತ ಹಿಂದಿನ ಕಟ್ಟಡಗಳ ಮೇಲೆಯೇ ಕಣ್ಣಿಟ್ಟಿತ್ತು, ನಂತರದವುಗಳಿಗೆ ನೀಲಿ ಬಣ್ಣ ಬಳಿದು ಬಿಟ್ಟಿತು. ಬರ್ಟ್ರಂಡ್ ಗೋಲ್ಡ್‌ಬರ್ಗ್ ವಿನ್ಯಾಸದ, 1975ರ ಪ್ರೆಂಟಿಸ್ ಮಹಿಳಾ ಆಸ್ಪತ್ರೆಯ ವಿಷಯದಲ್ಲಿ ಆಯೋಗ 2012ರ ನವೆಂಬರ್‌ನಲ್ಲಿ ಪ್ರಾಥಮಿಕ ಮಾನ್ಯತೆ ಕೊಟ್ಟು ಅದೇ ದಿನ ಹಿಂತೆಗೆದುಕೊಂಡಿತು. ಆ ಕಟ್ಟಡ ಈಗಿಲ್ಲ. ವಯಸ್ಸು ನೋಡುವ ನಗರಗಳಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಮಿತಿ ವರ್ಷ ವರ್ಷ ತಾನೇ ಮುಂದೆ ಸರಿಯುತ್ತದೆ. ಲಾಸ್ ಏಂಜಲೀಸ್‌ನಲ್ಲಿ 45 ವರ್ಷ ದಾಟಿದ ಯಾವುದೇ ಕಟ್ಟಡವಾದರೂ ಪರವಾನಗಿಗೆ 30 ದಿನ ಮುಂಚೆ ಅಕ್ಕಪಕ್ಕದವರಿಗೆ ಮತ್ತು ಕೌನ್ಸಿಲ್ ಸದಸ್ಯರಿಗೆ ತಿಳಿಸಬೇಕು.

ಪ್ರಶ್ನೆ: ಎಲ್ಲ ಪ್ರಯತ್ನ ಮುಗಿದು ಕಟ್ಟಡ ಹೋಗುವುದು ಖಚಿತವಾದರೆ, ಕೊನೆಗೆ ಉಳಿಸಿಕೊಳ್ಳಬಹುದಾದದ್ದು ಏನು?

ಎರಡು: ದಾಖಲೆ ಮತ್ತು ಸಾಮಗ್ರಿ. ಎರಡನ್ನೂ ತಡೆಯ ಅವಧಿಯಲ್ಲೇ ಮಾಡಬೇಕು. ಒಳಾಂಗಣಕ್ಕೆ ತಡೆ ಅನ್ವಯಿಸದ ಕಡೆ ಬಣ್ಣದ ಗಾಜು, ಮೆಟ್ಟಿಲ ಕಂಬ, ಅಗ್ಗಿಷ್ಟಿಕೆಯ ಚೌಕಟ್ಟು ಇವು ಗಡುವಿಗೆ ಮೊದಲೇ ಮಾರಾಟವಾಗಿ ಹೋಗುತ್ತವೆ.

ದಾಖಲೆಗೆ ಅಳತೆಯ ನಕ್ಷೆ ಮುಖ್ಯ. ಪ್ರತಿ ಅಂತಸ್ತಿನ ತಳವಿನ್ಯಾಸ, ಮುಂಭಾಗ, ಒಂದು ಅಡ್ಡ ಛೇದ, ಕಾರ್ನಿಸ್‌ನ ದೊಡ್ಡ ಪ್ರಮಾಣದ ಚಿತ್ರ ಇರಲಿ. ಫೋಟೋ ತೆಗೆಯುವಾಗ ಕ್ಯಾಮೆರಾ ಮೇಲಕ್ಕೆ ವಾಲಿಸಬೇಡಿ, ಗೋಡೆಗಳು ಒಳಕ್ಕೆ ಬಾಗಿದಂತೆ ಕಂಡು ಅಳತೆಗೆ ಒದಗುವುದಿಲ್ಲ. ಚೌಕಟ್ಟಿನಲ್ಲಿ ಒಂದು ಅಳತೆಪಟ್ಟಿ ಸೇರಲಿ. 1933ರಲ್ಲಿ ಶುರುವಾದ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆಯ ನಕ್ಷೆ, ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಮಾದರಿಗೆ ಅವನ್ನು ನೋಡಿ.

ಸಾಮಗ್ರಿಯ ವಿಷಯದಲ್ಲಿ ಒಳ್ಳೆಯ ಉದಾಹರಣೆ ಶಿಕಾಗೋ ಸ್ಟಾಕ್ ಎಕ್ಸ್‌ಚೇಂಜ್. ಆಡ್ಲರ್ ಮತ್ತು ಸಲಿವನ್ ಅವರ 1894ರ ಕಟ್ಟಡ, 1972ರಲ್ಲಿ ಹೋಯಿತು. ಅದರ ವ್ಯಾಪಾರ ಸಭಾಂಗಣವನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಒಳಗೆ ಮತ್ತೆ ಜೋಡಿಸಿದ್ದಾರೆ, ಪ್ರವೇಶದ ಕಮಾನು ಅದರ ಹೊರಗೆ ನಿಂತಿದೆ. ಆದರೆ ಆ ಅವಶೇಷಗಳ ನಡುವೆ ಅಲಂಕಾರದ ತುಣುಕುಗಳನ್ನು ಉಳಿಸಲು ಹೋಗಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಅದೇ ವರ್ಷ ಕುಸಿತದಲ್ಲಿ ಸತ್ತರು. ಕೆಡವುವ ಕೆಲಸ ಶುರುವಾದ ಕಟ್ಟಡದೊಳಗೆ ಹೆಲ್ಮೆಟ್ ಹಾಕಿಕೊಂಡರೂ ಒಬ್ಬರೇ ಹೋಗಬೇಡಿ, ಗುತ್ತಿಗೆದಾರನ ಲಿಖಿತ ಅನುಮತಿ ಇಲ್ಲದೆ ಹೋಗಲೇಬೇಡಿ.

ಬುಲ್‌ಡೋಜರ್ ಬದಲು ಕೈಯಿಂದ ಬಿಚ್ಚಿಸುವ ದಾರಿಯೂ ಇದೆ. ಓರೆಗಾನ್‌ನ ಪೋರ್ಟ್‌ಲ್ಯಾಂಡ್ 2016ರಿಂದ ಹಳೆಯ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿತು. ಮೊದಲು 1916 ಮತ್ತು ಅದಕ್ಕೆ ಹಿಂದಿನವು, ನಂತರ ಮಿತಿಯನ್ನು 1940ಕ್ಕೆ ಏರಿಸಿದರು. ಬಿಚ್ಚುವ ಕ್ರಮ ಕಟ್ಟಿದ ಕ್ರಮಕ್ಕೆ ಉಲ್ಟಾ: ಬಾಗಿಲು, ಕಿಟಕಿ, ನೆಲಹಾಸು ಮೊದಲು, ಚಾವಣಿ ನಂತರ, ತೊಲೆ, ಇಟ್ಟಿಗೆ ಕೊನೆಗೆ. ಸುಣ್ಣದ ಗಾರೆಯ ಇಟ್ಟಿಗೆ ಸ್ವಚ್ಛವಾಗಿ ಬಿಡುತ್ತದೆ, ಸಿಮೆಂಟ್ ಗಾರೆಯದು ಒಡೆಯುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಸಾಮಗ್ರಿ ದಾನ ಮಾಡಿ ತೆರಿಗೆಯಲ್ಲಿ 5,000 ಡಾಲರಿಗಿಂತ ಹೆಚ್ಚು ಕಳೆಯುವುದಾದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ಅವರು ಬಂದು ನೋಡುವುದು ಬಿಚ್ಚುವ ಮೊದಲು ಆಗಬೇಕು. ಟ್ರಕ್ಕಿಗೆ ಏರಿದ ಮೇಲೆ ಕರೆದರೆ ಬೆಲೆ ಕಟ್ಟಲು ಅವರಿಗೆ ಏನೂ ಕಾಣುವುದಿಲ್ಲ.